ಮೋಟಾರು ಯಾವ ಮನೆಗೆ?

ಹಿರೇಕೆರೂರು
೯-೧-೧೯೫೫

ತೀರ್ಥರೂಪ ಅಪ್ಪನವರಿಗೆ ಸಾವಂತ್ರವ್ವನ ನಮಸ್ಕಾರ.

ನಾನು ಇಲ್ಲಿ ಗಟ್ಟಿಯಾಗಿದ್ದೇನೆ. ನೀವೂ ಅವ್ವನೂ ಗಟ್ಟಿಯಾಗಿದ್ದೀರೆಂದು ಆ ಕಡೆಯಿಂದ ದವಾಖಾನೆಗೆ ಬರುವವರನ್ನು ಕೇಳಿ ತಿಳಿದುಕೊಳ್ಳುತ್ತಿರುತ್ತೇನೆ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕುವ ಮೊದಲು ಪೂರ್ತಿ ಓದಿರಿ. ನನ್ನ ಗಂಡ ತೀರಿಕೊಂಡ ಮೇಲೆ ನೀವು ನನ್ನನ್ನು ಮರುಮದುವೆ ಮಾಡಿಕೊಡುತ್ತೇನೆಂದು ಹಾನಗಲ್ಲಿನವರಿಗೆ ಉಡಿಕೆಯ ಮಾತು ಕೊಟ್ಟದ್ದು, ನಾನು ಒಲ್ಲೆನೆಂದು ಹುಬ್ಬಳ್ಳಿಗೆ ನರ್ಸ್ ಕಲಿಯಲು ಹೋದದ್ದು, ನೀವು ಊರ ಕಟ್ಟೆಯ ಮೇಲೆ ಕುಳಿತು "ನನಗ ಮಗಳಿಲ್ಲ" ಅಂದದ್ದು, ಇದ್ಯಾವುದನ್ನೂ ನಾನು ಎತ್ತುವುದಿಲ್ಲ. ಇದು ಬರೀ ವ್ಯಾಪಾರದ ಕಾಗದ.

ಸವಣೂರಿನಲ್ಲಿ ಖತೀಜಾಬಿ ಎಂಬ ಹಿರಿಯ ಹೆಂಗಸು ಇದ್ದಾರೆ. ಅವರ ಗಂಡ ಎಲೆ ವ್ಯಾಪಾರಿ. ವೀಳ್ಯದೆಲೆಯ ಪೆಂಡಿಗಳನ್ನು ಹಾವೇರಿ ಸ್ಟೇಶನ್ನಿಗೆ ಒಯ್ಯಲೆಂದು ಯುದ್ಧಕ್ಕೆ ಮೊದಲೇ ಒಂದು ವಿಲಾಯತಿ ಮೋಟಾರು ಕೊಂಡಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಕೊಟ್ಟಿಗೆಯಲ್ಲಿ ನಿಂತಿದೆ. ಒಂದು ಒಳ್ಳೆ ಜೋಡಿ ಎತ್ತಿನ ಬೆಲೆಗೆ ಕೊಡುತ್ತಾರೆಂದು ಸುದ್ದಿ. ನನ್ನ ಹತ್ತಿರ ಅಷ್ಟು ಕೂಡಿದೆ. ಅದರ ಮೇಲೆ ಏನೂ ಇಲ್ಲ.

ನರ್ಸಿಗೆ ಮೋಟಾರು ಯಾಕೆ ಎಂದು ಕೇಳುತ್ತೀರಿ. ಹೋದ ಶ್ರಾವಣದಲ್ಲಿ ಅಬಲೂರಿನಿಂದ ಒಂದು ಹೆರಿಗೆಗೆ ಕರೆ ಬಂತು. ಅವರು ಚಕ್ಕಡಿ ಹೂಡಿಕೊಂಡು ಇಲ್ಲಿಗೆ ಬರಬೇಕು, ನನ್ನನ್ನು ಕೂಡಿಸಿಕೊಂಡು ಅದೇ ಕೆಸರಿನಲ್ಲಿ ಮತ್ತೆ ಅಬಲೂರಿಗೆ ಹೋಗಬೇಕು. ನಾನು ಹೋಗಿ ಮುಟ್ಟುವುದರೊಳಗೆ ಕೂಸು ಹೋಗಿತ್ತು. ತಾಯಿ ಉಳಿದಳು, ಚೌಡವ್ವ ಅಂತ. "ಬಾಯಾರ, ಒಂದ ತಾಸ ಮೊದಲ ಬಂದಿದ್ರ?" ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಒಂದು ತಾಸು ಮೊದಲು ಬಂದಿದ್ದರೆ ಕೂಸು ಉಳಿಯುತ್ತಿತ್ತು. ಮೋಟಾರು ಇದ್ದರೆ ಯಾರಾದರೂ ಸೈಕಲ್ಲಿನ ಮೇಲೆ ಬಂದು ಹೇಳಿದರೆ ಸಾಕು, ನಾನೇ ಹೋಗುತ್ತೇನೆ. ಹುಬ್ಬಳ್ಳಿಯಲ್ಲಿದ್ದಾಗ ಅಲ್ಲಿಯ ಡಾಕ್ಟರಬಾಯಿ ತಮ್ಮ ಗಾಡಿಯನ್ನು ಆವಾರದೊಳಗೆ ಸುತ್ತಿಸಿ ನನಗೆ ನಡೆಸಲು ಕಲಿಸಿದ್ದಾರೆ.

ನಿಮಗೆ ಮೋಟಾರಿನ ಗಂಧಗಾಳಿ ಇಲ್ಲ, ಗೊತ್ತು. ಆದರೆ ನೀವು ಎತ್ತನ್ನು ಅರ್ಧ ತಾಸು ನೋಡಿದರೆ ಮಾರುವವನನ್ನು ಒಂದು ತಾಸು ನೋಡುತ್ತೀರಿ. ಸಂತೆಯಲ್ಲಿ ನಿಮ್ಮ ಹೆಗಲ ಮೇಲೆ ಕುಳಿತು ನಾನೇ ಕಂಡಿದ್ದೇನೆ. ನನಗೆ ಅಂಥ ಕಣ್ಣು ಬೇಕಾಗಿದೆ. ನೋಡಿ, ಕೊಳ್ಳಬಹುದೋ ಬಿಡಬೇಕೋ ಎರಡೇ ಮಾತು ಬರೆಯಿರಿ.

ಸಾವಂತ್ರವ್ವ
ನರ್ಸ್, ಹಿರೇಕೆರೂರು


ಹಿರೇಬೆಂಡಿಗೇರಿ
೨೬-೧-೧೯೫೫

ಹಿರೇಕೆರೂರ ದವಾಖಾನೆಯ ನರ್ಸಬಾಯಿಯವರಿಗೆ ಹೊಳಬಸಪ್ಪನ ನಮಸ್ಕಾರ.

ತಮ್ಮ ಕಾಗದ ತಲುಪಿತು. ಹರಿಯಲಿಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್ಲು, ಹಿರೇಕೆರೂರು, ಈ ನಾಲ್ಕು ಕಡೆಯಿಂದ ಯಾರೇ ಬಂದು ಕೇಳಿದರೂ ನಾನು ಎತ್ತು ನೋಡಿಕೊಟ್ಟಿದ್ದೇನೆ. ವೈರಿ ಬಂದು ಕೇಳಿದಾಗಲೂ ಇಲ್ಲವೆಂದಿಲ್ಲ. ಅದೇ ರೀತಿಯಲ್ಲಿ ಸವಣೂರಿಗೂ ಹೋಗಿ ಬಂದೆ. ತಾವು ಬೇರೆ ಅರ್ಥ ಮಾಡಿಕೊಳ್ಳಬಾರದು.

ಹೊರಡುವಾಗಲೇ ನಮ್ಮ ಮನೆಯಾಕೆ ಯಂಕವ್ವ ಅಪಶಕುನ ಮಾಡಿದಳು. "ಮೋಟಾರಿಗೆ ಸುಳಿ ಎಲ್ಲಿ ನೋಡ್ತೀರಿ? ಬಾಯಿ ತಗಸಿ ಹಲ್ಲ ಎಣಸ್ತೀರೇನು?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಮುಲ್ಕಿ ಪರೀಕ್ಷೆ ಪಾಸಾಗಿ, ನಲವತ್ತು ವರ್ಷ ಜಾನುವಾರು ನೋಡಿದವನಿಗೆ ಈ ಮಾತು. ನಾನು ಚಕ್ಕಡಿ ಹತ್ತಿ ಹೊರಟೆ.

ಮೋಟಾರಿನ ಬಣ್ಣ ಕರಿ. ಮೇಲೆ ಕಿತ್ತಾನ ಬಟ್ಟೆಯ ಕೊಡೆ, ಮಡಚಬಹುದು. ಎದುರಿಗೆ ಎರಡು ದೀಪ, ಎಡಗಡೆಯದರ ಗಾಜು ಸೀಳಿದೆ. ಹಿಂದಿನ ಸೀಟಿನಲ್ಲಿ ಇಂದಿಗೂ ಎಲೆಯ ವಾಸನೆ. ಬಲಗಾಲಿಯ ಮೇಲಿನ ತಗಡಿಗೆ ಹೊಸ ಬಣ್ಣ ಬಳಿದಿದ್ದಾರೆ. ಸಂತೆಗೆ ತರುವ ಮುದಿ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಉಗುರಿನಿಂದ ಕೆರೆದು ನೋಡಿದೆ. ಒಳಗೆ ತುಕ್ಕು. ಆಮೇಲೆ ಮುಂದಿನ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಬಿಸಿ ಇತ್ತು!

ಖತೀಜಾಬಿಯ ಅಣ್ಣನ ಮಗ ಖಲಂದರ ಅಂತ ಒಬ್ಬನಿದ್ದಾನೆ, ಮೂವತ್ತರ ಮೇಲಿನವ, ಮೂರು ಮಕ್ಕಳ ತಂದೆ. ಮೋಟಾರು ನಡೆಸುವವನು ಅವನೇ. "ಏನಪಾ, ನಾ ಬರೂದಕ್ಕ ಮೊದಲ ಇದನ್ನ ಅಡ್ಡಾಡಿಸಿ ತಂದೀಯಲಾ?" ಎಂದು ಕೇಳಿದೆ. ಅವನ ಮುಖ ಸಣ್ಣದಾಯಿತು. "ಥಂಡಿ ಇದ್ದಾಗ ಲಗೂ ಏಳಂಗಿಲ್ಲರಿ ಕಾಕಾ. ಹತ್ತ ಸಲ ಹ್ಯಾಂಡಲ್ ತಿರುವಬೇಕು. ನಿಮ್ಮ ಮುಂದ ಮರ್ಯಾದಿ ಹೋಗಬಾರದಂತ ನಸಕಿನ್ಯಾಗ ಎಬ್ಬಿಸಿ ಬಿಟ್ಟೇನಿ" ಅಂದ. ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳಲಿಲ್ಲ. ಇದನ್ನು ಅವನ ಜಮಾ ಕಡೆಗೆ ಬರೆದುಕೊಂಡೆ.

ಖತೀಜಾಬಿ ಬಾಗಿಲ ಪರದೆಯ ಹಿಂದಿನಿಂದಲೇ ಮಾತಾಡಿದಳು. ಮೊದಲು ಕೇಳಿದ್ದೇ "ಯಾವ ಮನಿಗೆ ಒಯ್ಯಾಕತ್ತೀರಿ?" ಎಂದು.

ನಮ್ಮ ದಲಾಲಿಯ ರಿವಾಜು ತಮಗೆ ಗೊತ್ತಿದೆ. ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆ ಮಾಡುತ್ತೇವೆ. ಬೆಲೆ ಮುಗಿಯುವ ತನಕ ಕೊಳ್ಳುವವರು ಯಾರೆಂದು ಬಾಯಿ ಬಿಡುವುದಿಲ್ಲ. ಹಾಗೆಂದೇ ಹೇಳಿದೆ. ಆಕೆ ಬಿಡಲಿಲ್ಲ. "ಅದು ನಿಮ್ಮ ಎತ್ತಿನ ರಿವಾಜ ಆತು. ಆಕಳಾ ಮಾರೂ ಹೆಣಮಗಳು ಬೆಲಿಗಿಂತ ಮೊದಲ ಯಾವ ಮನಿಗೆ ಹೊಂಟೈತಿ ಅಂತನ ಕೇಳ್ತಾಳ" ಅಂದಳು. ಹಾನಗಲ್ಲಿನ ಒಬ್ಬ ಗಿರಣಿಯವನು ಎರಡು ಸಲ ಬಂದುಹೋಗಿದ್ದಾನಂತೆ. ಎಂಜಿನ್ ಕಿತ್ತು ಹಿಟ್ಟಿನ ಗಿರಣಿಗೆ ಕೂಡಿಸಿ ಉಳಿದದ್ದನ್ನು ಗುಜರಿಗೆ ಹಾಕುತ್ತಾನಂತೆ. ಅದಕ್ಕೆ ಆಕೆಗೆ ಮನಸ್ಸಿಲ್ಲ. ನಾನು ಹೆಸರು ಹೇಳಲಿಲ್ಲ, ಆಕೆ ಬೆಲೆಗೆ ಕೂಡಲಿಲ್ಲ.

ಒಂದು ಸಲ ನೋಡಿ ನಾನು ಕರುವಿಗೂ ಮಾತು ಕೊಡುವವನಲ್ಲ. ಮತ್ತೆ ಹೋಗುತ್ತೇನೆ.

ಹೊಳಬಸಪ್ಪ


ಹಿರೇಕೆರೂರು
೪-೨-೧೯೫೫

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

"ನರ್ಸಬಾಯಿಯವರಿಗೆ" ಎಂದು ನೀವು ಬರೆದದ್ದನ್ನು ಎರಡು ಸಲ ಓದಿದೆ. ಇರಲಿ. ಊರವರೆಲ್ಲ ಹಾಗೆಯೇ ಕರೆಯುತ್ತಾರೆ, ನೀವೂ ಕರೆಯಿರಿ.

ಆದರೆ ಮುಚ್ಚಳದ ಮೇಲೆ ಅಂಗೈ ಇಟ್ಟಿರಲ್ಲ, ಅದನ್ನು ಓದಿ ಕುಳಿತಲ್ಲೇ ಚಪ್ಪಾಳೆ ಹೊಡೆದೆ. ಮಗ್ಗುಲಿನಲ್ಲಿದ್ದ ಕಂಪೌಂಡರ ಗಾಬರಿಯಾದ. ಹುಬ್ಬಳ್ಳಿಯ ಡಾಕ್ಟರಬಾಯಿ ನನಗೆ ಹೇಳಿಕೊಟ್ಟ ಮೊದಲನೆಯ ಮಾತೇ ಅದು. ಹಳೇ ಗಾಡಿ ನೋಡುವುದಿದ್ದರೆ ಅದು ತಣ್ಣಗಿದ್ದಾಗ ನೋಡು ಎಂದು. ನಿಮಗೆ ಯಾರು ಹೇಳಿದರು?

ಈಗ ನನಗೆ ಇನ್ನೂ ಏನೇನೋ ತಿಳಿಯಬೇಕಾಗಿದೆ. ಎದ್ದ ಕೂಡಲೇ ಹೊಗೆ ಯಾವ ಬಣ್ಣದ್ದು ಬರುತ್ತದೆ? ಕರಿ ಬಂದರೆ ಚಿಂತೆಯಿಲ್ಲ, ನೀಲಿ ಬಂದರೆ ಎಣ್ಣೆ ಕುಡಿಯುತ್ತದೆಂದು ತಿಳಿಯಬೇಕಂತೆ. ಒಂದು ದಿನ ಪೂರ್ತಿ ಅದರ ಹೊಟ್ಟೆಯ ಕೆಳಗೆ ಬಿಳಿ ಅರಿವೆ ಹಾಸಿಡಿರಿ, ಏನು ಸೋರುತ್ತದೆ ನೋಡೋಣ. ಹಿಂದಕ್ಕೆ ಸರಿಯುತ್ತದೆಯೇ? ಏರು ಹತ್ತುತ್ತದೆಯೇ? ಇಲ್ಲಿಂದ ರಟ್ಟೀಹಳ್ಳಿಗೆ ಹೋಗುವಾಗ ಏರುಗಳಿವೆ. ಬ್ರೇಕು ಒತ್ತಿದರೆ ನಿಂತೀತೋ, ಇಲ್ಲ ಯಾರಾದರೂ ಇಳಿದು ಕಲ್ಲು ಇಡಬೇಕೋ?

ನೀವು ಬೈಯುತ್ತೀರಿ, ಆದರೂ ಕೇಳುತ್ತೇನೆ. ಅದರ ಭೋಂ ಭೋಂ ಹಾರ್ನು ಹೇಗೆ ಕೂಗುತ್ತದೆ?

ಖತೀಜಾಬಿಯವರು ಕೇಳಿದ್ದು ನ್ಯಾಯವಾಗಿಯೇ ಇದೆ. ಹಿರೇಕೆರೂರಿನ ನರ್ಸಿಗೆ ಎಂದು ಹೇಳಿಬಿಡಿರಿ. ಗಿರಣಿಗೆ ಹೋಗುವುದಿಲ್ಲ ಎಂಬುದಾದರೂ ಅವರಿಗೆ ಗೊತ್ತಾಗಲಿ. ಅವ್ವ ನಕ್ಕದ್ದನ್ನು ಬರೆದಿರಲ್ಲ, ಅದು ನನಗೆ ಬಹಳ ಸಂತೋಷ ಕೊಟ್ಟಿತು.

ಸಾವಂತ್ರವ್ವ


ಹಿರೇಬೆಂಡಿಗೇರಿ
೨೭-೨-೧೯೫೫

ನರ್ಸಬಾಯಿಯವರಿಗೆ ಹೊಳಬಸಪ್ಪನ ನಮಸ್ಕಾರ.

ತಾವು ಕೇಳಿದ್ದಕ್ಕೆಲ್ಲ ಉತ್ತರ ತಂದಿದ್ದೇನೆ. ಈ ಸಲ ಶಿಗ್ಗಾಂವಿಯ ಶೇಖಸಾಬನನ್ನು ಕರೆದುಕೊಂಡು ಹೋಗಿದ್ದೆ. ಸರ್ವಿಸ್ ಬಸ್ಸುಗಳನ್ನು ರಿಪೇರಿ ಮಾಡುವ ಮಿಸ್ತ್ರಿ ಅವನು. ಬಿಡುವು ಸಿಗುವುದು ಕಷ್ಟ. ಅವನ ಎತ್ತು ನಾನೇ ಆರಿಸಿ ಕೊಟ್ಟದ್ದಾದ್ದರಿಂದ ಬಂದ.

ತಣ್ಣಗಿದ್ದಾಗ ಹನ್ನೊಂದು ಸಲ ಹ್ಯಾಂಡಲ್ ತಿರುವಿದ ಮೇಲೆ ಎದ್ದಿತು. ಖಲಂದರ ಹತ್ತು ಅಂದಿದ್ದ, ಒಂದೇ ಹೆಚ್ಚು. ಹೊಗೆ ಮೊದಲು ನೀಲಿ ಬಂದು ಆಮೇಲೆ ತಿಳಿಯಾಯಿತು. "ಸ್ವಲ್ಪ ಎಣ್ಣಿ ಕುಡಿತೈತಿ ಕಾಕಾ. ಈ ವಯಸ್ಸಿನ್ಯಾಗ ಯಾರ ಕುಡಿಯಂಗಿಲ್ಲ ಹೇಳ್ರಿ?" ಎಂದು ಶೇಖಸಾಬ ನಕ್ಕ. ಅರಿವೆಯ ಮೇಲೆ ಎರಡು ಅಂಗೈಯಷ್ಟು ಎಣ್ಣೆ ಸೋರಿತ್ತು. ನೀರು ಸೋರಿರಲಿಲ್ಲ. ಅರಿವೆಯೆಂದರೆ ನನ್ನ ಹಳೇ ಧೋತರ. ಯಂಕವ್ವ ಅದನ್ನು ನೋಡಿ ಆಡಿದ ಮಾತು ಬರೆಯುವುದಿಲ್ಲ.

ಹಿಂದಕ್ಕೆ ಸರಿಯುತ್ತದೆ. ನೊಗದಲ್ಲಿ ಹಿಂದೆ ಸರಿಯದ ಎತ್ತನ್ನು ನಾನು ಯಾರಿಗೂ ಕೊಡಿಸಿಲ್ಲ, ಅದಕ್ಕೆ ಐದು ಸಲ ಸರಿಸಿ ನೋಡಿದೆ. ಸರಿಯುವಾಗ ಹಲ್ಲು ಕಡಿದ ಹಾಗೆ ಕರಕರ ಅನ್ನುತ್ತದೆ. ಅದು ಗೇರಿನ ಹಲ್ಲಂತೆ. ಯಂಕವ್ವನಿಗೆ ಹೇಳಿದೆ, ಮೋಟಾರಿಗೂ ಹಲ್ಲಿವೆ ಎಂದು. ಬ್ರೇಕು ಹಿಡಿಯುತ್ತದೆ, ಆದರೆ ಎಡಕ್ಕೆ ಎಳೆಯುತ್ತದೆ. ಸೊಕ್ಕಿದ ಎತ್ತು ಕೊಟ್ಟಿಗೆಯ ದಾರಿ ಹಿಡಿದ ಹಾಗೆ. ಹಾರ್ನಿನ ರಬ್ಬರು ಒಣಗಿದೆ, ಒತ್ತಿದರೆ ನೆಗಡಿ ಬಂದವರ ಹಾಗೆ ಸೊರ್ ಅನ್ನುತ್ತದೆ.

ಇನ್ನೊಂದು ಮಾತು, ತಮ್ಮಲ್ಲೇ ಇರಲಿ. ಶೇಖಸಾಬ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ನಾನು ಮೇಲೆ ಹತ್ತಿ ಕುಳಿತು ಚಕ್ರ ಹಿಡಿದು ಆ ಕಡೆ ಈ ಕಡೆ ತಿರುವಿ ನೋಡಿದೆ. ಹಗ್ಗವಿಲ್ಲ, ಬಾರಕೋಲಿಲ್ಲ, ಎದುರಿಗೆ ಬಾಲವಿಲ್ಲ. ಯಾವುದರ ಜೊತೆ ಮಾತಾಡುತ್ತ ಹೊಡೆಯಬೇಕು? ಆದರೂ ಇಳಿಯಲು ಮನಸ್ಸಾಗಲಿಲ್ಲ.

ಹಿರೇಕೆರೂರಿನ ನರ್ಸಬಾಯಿಗೆ ಎಂದು ಖತೀಜಾಬಿಗೆ ಹೇಳಿದೆ. "ಹೆಣಮಗಳು ಹೊಡೀತಾಳಾ? ಶಾಬಾಸ" ಅಂದಳು. ಆಮೇಲೆ "ಆ ಬಾಯಿಗೆ ಹಿಂದ ಮುಂದ ಯಾರ ಅದಾರ? ತಂದಿ ತಾಯಿ ಅದಾರೇನು?" ಎಂದು ಕೇಳಿದಳು. ನನಗೆ ಗೊತ್ತಿಲ್ಲವೆಂದೆ. ಅದು ವ್ಯಾಪಾರಕ್ಕೆ ಬೇಕಾದ ಮಾತಲ್ಲ. ಹಿಂದೆ ಮುಂದೆ ತಿಳಿಯದೆ ಒಂಟಿ ಹೆಣ್ಣಿಗೆ ಕೊಟ್ಟರೆ ಅದು ಮತ್ತೆ ಗಿರಣಿಯವನ ಕೈಗೆ ಹೋಗದು ಎಂದು ಹೇಗೆ ನಂಬಲಿ ಎಂದು ಆಕೆ ಮತ್ತೆ ಹಟ ಹಿಡಿದಿದ್ದಾಳೆ. ಗಿರಣಿಯವನಿಗೂ ಇನ್ನೂ ಇಲ್ಲವೆಂದಿಲ್ಲ.

ನೋಡಿದ ಮಟ್ಟಿಗೆ ಮುದಿ ಜೀವ, ಆದರೆ ಮೋಸದ್ದಲ್ಲ. ದೂರ ಓಡಿಸದೆ ಹೆಚ್ಚು ಹೇಳಲಾರೆ.

ಹೊಳಬಸಪ್ಪ


ಹಿರೇಕೆರೂರು
೬-೩-೧೯೫೫

ಅಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದುತ್ತ ಓದುತ್ತ ನಕ್ಕು, ಕಡೆಗೆ ಬಂದಾಗ ನಗು ನಿಂತಿತು.

ನಿಮಗೆ ಗೊತ್ತಿಲ್ಲವೇ? ಹಾಗಾದರೆ ನಾನೇ ತಿಳಿಸುತ್ತೇನೆ. ಆ ನರ್ಸಬಾಯಿಗೆ ತಾಯಿ ಇದ್ದಾಳೆ, ತಂದೆಯೂ ಇದ್ದಾನೆ. ಹಾನಗಲ್ಲಿನ ಸಂಬಂಧ ನೋಡಲು ಹೋದಾಗ ಆ ತಂದೆ ಅವರ ಹೊಲ ನೋಡಿದ, ಬಾವಿ ನೋಡಿದ, ಎತ್ತಿನ ಕಾಲು ಎತ್ತಿಸಿ ಗೊರಸು ನೋಡಿದ. ಮನೆಗೆ ಬಂದು ಮಗಳ ಮುಖ ಮಾತ್ರ ನೋಡಲಿಲ್ಲ. ನನಗೆ ಅವತ್ತು ಸಿಟ್ಟು ಬಂದದ್ದು ಅದಕ್ಕೇ. ಇವತ್ತೂ ಬಂದಿದೆ. ಎತ್ತುವುದಿಲ್ಲವೆಂದಿದ್ದ ಮಾತನ್ನು ಎತ್ತಿದೆ, ತಪ್ಪಾಯಿತು.

ಇನ್ನು ನಿಮಗೆ ಹೆಚ್ಚು ತ್ರಾಸ ಕೊಡುವುದಿಲ್ಲ. ಒಂದು ಸಲ ಅದನ್ನು ಹತ್ತು ಮೈಲು ಓಡಿಸಿ ನೋಡಿ. ಓಡಿದರೆ ಓಡಿತೆಂದು, ಇಲ್ಲದಿದ್ದರೆ ಇಲ್ಲವೆಂದು ಒಂದು ಕಾರ್ಡು ಹಾಕಿರಿ. ಉಳಿದದ್ದನ್ನು ನಾನೇ ಬಂದು ಮಾತಾಡಿಕೊಳ್ಳುತ್ತೇನೆ. ಹಿಂದೆ ಮುಂದೆ ಯಾರೂ ಇಲ್ಲವೆಂದೇ ಖತೀಜಾಬಿಯವರಿಗೆ ಹೇಳುತ್ತೇನೆ.

ಸಾವಂತ್ರವ್ವ


ಹಿರೇಬೆಂಡಿಗೇರಿ
೧೮-೪-೧೯೫೫

ಸಾವಂತ್ರಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕುಳಿತು ಮೂರು ಸಲ ಎದ್ದುಹೋದೆ. ಆಮೇಲೆ, ಓಡಿಸಿ ನೋಡಿದ ಮೇಲೆಯೇ ಬರೆದರಾಯಿತೆಂದು ಬಿಟ್ಟೆ. ಹೋದ ಮಂಗಳವಾರ ಓಡಿಸಿದೆ. ಮೋಟಾರು ಕೆಟ್ಟಿತು. ಕೆಡಿಸಿದವನು ನಾನು.

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ. ಮಾರಲು ತರುವ ಎತ್ತಿಗೆ ಹಿಂದಿನ ದಿನ ಉಪ್ಪು ತಿನ್ನಿಸಿ, ಮುಂಜಾನೆ ಕೊಡಗಟ್ಟಲೆ ನೀರು ಕುಡಿಸಿ, ಹೊಟ್ಟೆ ತುಂಬಿ ಮೈ ಬಂದ ಹಾಗೆ ತೋರಿಸುವ ಆಟ ನಿನಗೆ ಗೊತ್ತು. ಅದಕ್ಕೇ ನಾನು ಯಾವ ಎತ್ತನ್ನೂ ಬರಿಹೊಟ್ಟೆಯಲ್ಲಿ ನಡೆಸಿ ನೋಡದೆ ಕೊಡಿಸುವುದಿಲ್ಲ. ಅವತ್ತು ನಾನು ಮುಟ್ಟುವಷ್ಟರಲ್ಲಿ ಖಲಂದರ ಮೋಟಾರಿನ ಮೂತಿಯೊಳಗೆ ಕೊಡದಿಂದ ನೀರು ಸುರಿಯುತ್ತಿದ್ದ. ನನ್ನ ತಲೆ ತಿರುಗಿತು. "ಹೊರಗ ಚೆಲ್ಲದನ್ನ" ಅಂದೆ.

"ನೀರ ಬೇಕಾಗ್ತೈತ್ರಿ ಕಾಕಾ, ಇಲ್ಲಾಂದ್ರ ಕಾಯ್ತೈತಿ" ಅಂದ.

"ನಲವತ್ತ ವರ್ಷ ಆತು ನಾ ನೋಡಾಕತ್ತು. ನೀರ ಕುಡಿಸಿ ತೋರಸೂ ಆಟ ನನ್ನ ಮುಂದ ಬ್ಯಾಡ. ಮೊದಲ ಚೆಲ್ಲು, ಇಲ್ಲಾಂದ್ರ ನಾ ಹೊಂಟೆ" ಎಂದು ಒದರಿದೆ. ಶೇಖಸಾಬ ಬಸ್ಸಿನ ಕೆಲಸಕ್ಕೆ ಹೋಗಿದ್ದ. ಇದ್ದಿದ್ದರೆ ತಡೆಯುತ್ತಿದ್ದ. ಖಲಂದರ ಪಾಪ, ಹಿರಿಯರ ಮಾತು ಮೀರಬಾರದೆಂದು ಕೆಳಗಿನ ನಳ ತಿರುವಿ ಪೂರ್ತಿ ಬಿಟ್ಟುಬಿಟ್ಟ.

ಮೊದಲ ಎರಡು ಮೈಲು ಏನು ಓಡಿತು, ಸಾವಂತ್ರಿ! ನನ್ನ ರುಮಾಲು ಹಾರಿ ಹೊಲಕ್ಕೆ ಬಿತ್ತು, ನಿಲ್ಲಿಸೆಂದು ಹೇಳಲೂ ಮನಸ್ಸಾಗಲಿಲ್ಲ. ಮೂರನೆಯ ಮೈಲಿಗೆ ಸುಟ್ಟ ವಾಸನೆ ಬಂತು. ಆಮೇಲೆ ಒಳಗೆ ಟಪ್ಪೆಂದು ಸದ್ದಾಯಿತು, ಬಿಳಿ ಹೊಗೆ ಬಂತು, ನಿಂತುಬಿಟ್ಟಿತು. ಖಲಂದರ ಇಳಿದು ತಲೆ ಮೇಲೆ ಕೈ ಹೊತ್ತು ಕುಳಿತ. ನನಗೊಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹೊಲ ಹರಗುತ್ತಿದ್ದ ಒಬ್ಬ ರೈತನ ಎತ್ತು ಬೇ‍ಡಿ ತಂದು, ಹಗ್ಗ ಹಾಕಿ ಮೋಟಾರಿಗೆ ಹೂಡಿದೆ. ಅದನ್ನು ಎಳೆಸಿಕೊಂಡು ಸವಣೂರು ಹೊಕ್ಕಾಗ ಮಂದಿ ಬಾಗಿಲಿಗೆ ಬಂದು ನಿಂತು ನಕ್ಕರು. ಎತ್ತಿನ ಮುಂದೆ ಬರಿದಲೆಯಲ್ಲಿ ನಡೆಯುತ್ತಿದ್ದವನು ನಾನು.

ಸಂಜೆ ಶೇಖಸಾಬ ಬಂದು ನೋಡಿದ. "ನೀರ ಇದಕ್ಕ ಹೊಟ್ಟಿಗಲ್ಲರಿ ಕಾಕಾ, ಮೈ ತಂಪ ಇಡಾಕ. ಗ್ಯಾಸ್ಕೆಟ್ ಸುಟ್ಟೈತಿ, ಅದನ್ನ ಹೊಸದ ಹಾಕಬಹುದು. ಎಂಜಿನ್ನಿನ ಮ್ಯಾಲಿನ ಹೆಡ್ಡ ಸೀಳಿದ್ರ ಮುಗೀತು, ಬಿಚ್ಚಿ ನೋಡಬೇಕು" ಅಂದ.

ನೀನು ಕೇಳಿದ್ದಕ್ಕೆ ಉತ್ತರ: ತೆಗೆದುಕೊಳ್ಳಬೇಡ. ನೀರು ಚೆಲ್ಲಿಸುವ ಮೊದಲು ಕೇಳಿದ್ದರೆ ತೆಗೆದುಕೋ ಅನ್ನುತ್ತಿದ್ದೆ. ಅಬಲೂರಿನ ಆ ಚೌಡವ್ವನ ಮಾತು ಅವತ್ತಿನಿಂದ ನನ್ನ ಕಿವಿಯಲ್ಲೇ ಇದೆ. ನಾನು ಯಾರ ಜಾನುವಾರನ್ನೂ ಕೆಡಿಸಿದವನಲ್ಲ, ನಿನ್ನದನ್ನು ಕೆಡಿಸಿದೆ. ಪರೀಕ್ಷೆಯಲ್ಲಿ ಬಿದ್ದದ್ದು ಪರೀಕ್ಷೆ ಮಾಡಿದವನ ಪಾಲು, ಅದನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಹಣ ನಿನ್ನ ಹತ್ತಿರವೇ ಇರಲಿ.

ಹೊಳಬಸಪ್ಪ


ಸವಣೂರು
೨೮-೪-೧೯೫೫

ನರ್ಸಬಾಯಿ ಸಾವಂತ್ರವ್ವನವರಿಗೆ ಖತೀಜಾಬಿಯ ಸಲಾಮು.

ನಾನು ಹೇಳುತ್ತಿದ್ದೇನೆ, ನಮ್ಮ ಖಲಂದರ ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದಾನೆ. ರಂಜಾನಿನ ಉಪವಾಸ, ರೋಜಾ ಹಿಡಿದಿದ್ದೇವೆ, ಇಬ್ಬರ ಬಾಯಿಯೂ ಒಣಗಿದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಿಮ್ಮ ವಿಳಾಸವನ್ನು ನಿಮ್ಮ ತಂದೆಯವರಿಂದ ತೆಗೆದುಕೊಳ್ಳುವುದಕ್ಕೆ ನನಗೆ ಹತ್ತು ದಿನ ಹಿಡಿಯಿತು. ಅವರು ನಿಮಗೆ ಏನು ಬರೆದಿದ್ದಾರೋ ಗೊತ್ತಿಲ್ಲ. ಬರೆಯದೆ ಬಿಟ್ಟದ್ದನ್ನು ನಾನು ಬರೆಸುತ್ತೇನೆ.

ಮೋಟಾರು ಕೆಟ್ಟ ಮರುದಿನ ಅವರು ಮತ್ತೆ ಬಂದರು. ಚಕ್ಕಡಿ ಇಲ್ಲ, ಬರೀ ಎರಡು ಎತ್ತು ಹಿಡಿದುಕೊಂಡು ನಡೆದೇ ಬಂದಿದ್ದರು. ಅಂಥ ಖಿಲಾರಿ ಜೋಡಿಯನ್ನು ನಾನು ನಮ್ಮ ಯಜಮಾನರು ಇದ್ದಾಗಲೂ ಈ ಓಣಿಯಲ್ಲಿ ಕಂಡಿರಲಿಲ್ಲ. ನಮ್ಮ ಅಂಗಳದ ಗೂಟಕ್ಕೆ ಕಟ್ಟಿ, "ಒಂದ ಜೋಡಿ ಎತ್ತಿನ ಬೆಲಿ ಅಂದಿದ್ರಿ. ಇವು ನನ್ನವು. ನಿಮ್ಮ ಮೋಟಾರ ನಾ ಕೆಡಿಸೇನಿ, ಅದು ನಂದಾತು" ಅಂದರು. ನಾನು ಪರದೆ ಸರಿಸಿ ಹೊರಗೆ ಬಂದೆ. ಅರವತ್ತು ದಾಟಿದವಳು, ನನಗೆ ಇನ್ನೇನು ಪರದೆ!

"ಹೊಳಬಸಪ್ಪನವರ, ಎತ್ತ ಆಮ್ಯಾಲೆ. ನಾ ಮೊದಲಿಂದ ಒಂದ ಮಾತ ಕೇಳಾಕತ್ತೇನಿ. ಇದು ಹೊಂಟಿದ್ದು ಯಾವ ಮನಿಗೆ?" ಎಂದು ಕೇಳಿದೆ.

ಅವರು ಎತ್ತಿನ ಬೆನ್ನ ಮೇಲೆ ಕೈ ಆಡಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, "ನನ್ನ ಮಗಳ ಮನಿಗೆರಿ" ಅಂದರು. "ಆ ನರ್ಸಬಾಯಿ ನನ್ನ ಮಗಳು. ಹಿಂದ ಮುಂದ ಯಾರ ಅದಾರ ಗೊತ್ತಿಲ್ಲ ಅಂದಿದ್ನಲ್ಲರಿ, ಸುಳ್ಳ ಹೇಳಿದ್ನಿ. ಆರ ವರ್ಷದಿಂದ ಸುಳ್ಳ ಹೇಳಾಕತ್ತೇನಿ. ಆಕಿ ನನ್ನ ಕೇಳಿದ್ದು ಇದೊಂದ. ಇದನ್ನೂ ಕೆಡಿಸಿಬಿಟ್ಟೆ" ಎಂದು ಮುಖ ಮುಚ್ಚಿಕೊಂಡು ಅತ್ತರು. ನಾನು ನಿಮಗೆ ನೋವು ಮಾಡಬೇಕೆಂದು ಇದನ್ನು ಬರೆಸುತ್ತಿಲ್ಲ. ನಾನು ಅಲ್ಲಿ ನಿಂತು ಕೇಳಿದವಳು, ನನ್ನೊಳಗೇ ಇಟ್ಟುಕೊಂಡರೆ ಸರಿಯಲ್ಲ ಅನಿಸಿತು.

ಈಗ ಮೋಟಾರಿನ ಮಾತು. ಶೇಖಸಾಬ ಬಿಚ್ಚಿ ನೋಡಿದ. ಹೆಡ್ಡು ಸೀಳಿಲ್ಲ, ಅಲ್ಲಾನ ಕೃಪೆ. ಹುಬ್ಬಳ್ಳಿಯಿಂದ ಹೊಸ ಗ್ಯಾಸ್ಕೆಟ್ ತರಿಸಿ ಹಾಕಿದ್ದಾನೆ. ಮೊನ್ನೆ ಖಲಂದರ ಅದನ್ನು ಶಿಗ್ಗಾಂವಿಗೆ ಹೋಗಿ ಬರುವ ತನಕ ಓಡಿಸಿದ, ನೀರು ತುಂಬಿಕೊಂಡೇ! ಏನೂ ಆಗಲಿಲ್ಲ. ಹಾನಗಲ್ಲಿನ ಗಿರಣಿಯವನಿಗೆ ಇಲ್ಲವೆಂದು ಹೇಳಿ ಕಳಿಸಿದ್ದೇನೆ. ಆದರೆ ನಿಮ್ಮ ತಂದೆಯವರು, ನಾನು ನೋಡಿದ್ದು ತಪ್ಪಿತು, ಇನ್ನು ಕೊಳ್ಳು ಬಿಡು ಅನ್ನಲು ನನಗೆ ಬಾಯಿಲ್ಲ ಅನ್ನುತ್ತಾರೆ. ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮಗೆ ಬೇಕಾದರೆ ಅದು ನಿಮ್ಮದು.

ಎತ್ತಿನದೇ ನನಗೆ ಪೇಚಾಟ. ನಮ್ಮಲ್ಲಿ ಹುಲ್ಲೂ ಇಲ್ಲ, ಮೇಯಿಸುವವರೂ ಇಲ್ಲ. ನಿಮ್ಮ ತಂದೆ ಎರಡು ದಿನಕ್ಕೊಮ್ಮೆ ಹಿರೇಬೆಂಡಿಗೇರಿಯಿಂದ ಹುಲ್ಲಿನ ಹೊರೆ ಹೊತ್ತು ಬಂದು ಹಾಕಿ, ಮೈ ತಿಕ್ಕಿ ಹೋಗುತ್ತಾರೆ. ಹೊಡೆದುಕೊಂಡು ಹೋಗಿರೆಂದರೆ "ಕೊಟ್ಟದ್ದು ಕೊಟ್ಟಾತು" ಅನ್ನುತ್ತಾರೆ. ನಿಮ್ಮ ಮಾತನ್ನಾದರೂ ಕೇಳಿಯಾರು. ಬಂದು ಒಂದು ದಾರಿ ಮಾಡಿರಿ.

ಖತೀಜಾಬಿ
(ಹೆಬ್ಬೆಟ್ಟಿನ ಗುರುತು)
ಬರೆದವನು ಖಲಂದರ


ಹಿರೇಕೆರೂರು
೩-೫-೧೯೫೫

ಅಪ್ಪಾ,

ಖತೀಜಾಬಿಯವರ ಕಾಗದ ಬಂತು. ನಾನು ಅದನ್ನು ಓದಿ ದವಾಖಾನೆಯ ಹಿಂದಿನ ಬಾಗಿಲಲ್ಲಿ ನಿಂತು ಅತ್ತೆ. ಸಿಟ್ಟಿನಲ್ಲಿ ಅಷ್ಟು ಬರೆಯಬಾರದಿತ್ತು, ಆದರೆ ಬರೆದದ್ದು ಸುಳ್ಳಲ್ಲ. ಎರಡನ್ನೂ ನಿಮ್ಮ ಎದುರು ಕುಳಿತೇ ಮಾತಾಡುತ್ತೇನೆ.

ಮೋಟಾರು ನಾನು ಕೊಳ್ಳುತ್ತೇನೆ. ಒಂದು ಸಲ ನೀರಿಲ್ಲದೆ ಮೂರು ಮೈಲು ಓಡಿ, ಮತ್ತೆ ಎದ್ದು ನಿಂತಿತಲ್ಲ, ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನು ಮಾಡಿಯೇವು? ಹಣ ನನ್ನದೇ. ನಿಮ್ಮ ಎತ್ತು ನೀವು ಬಿಡಿಸಿಕೊಂಡು ಬರಬೇಕು, ಇದರಲ್ಲಿ ವಾದ ಬೇಡ.

ಮೂರು ದಿನದ ರಜೆ ಸಿಕ್ಕಿದೆ. ಈ ರವಿವಾರ ಮುಂಜಾನೆ ಹೊರಡುತ್ತೇನೆ. ಹಾವೇರಿಯಲ್ಲಿ ಇಳಿದರೆ ಒಂದು ಬಸ್ಸು ಸವಣೂರಿಗೆ ಹೋಗುತ್ತದೆ, ಒಂದು ನಮ್ಮೂರ ಕಡೆಗೆ, ಶಿಗ್ಗಾಂವಿಗೆ. ಮೋಟಾರು ಸೋಮವಾರ ನೋಡಿದರಾಯಿತು. ನಾನು ಶಿಗ್ಗಾಂವಿಯ ಬಸ್ಸು ಹತ್ತುತ್ತೇನೆ. ಅವ್ವನಿಗೆ ಹೇಳಿರಿ.

ನಿಮ್ಮ ಮಗಳು
ಸಾವಂತ್ರಿ